ಸೈಕಲ್ ಬೀಗ ಎಷ್ಟು ಹೊತ್ತು ತಡೆಯುತ್ತದೆ?

ಸೈಕಲ್ ನಿಲ್ಲಿಸಿದ ಜಾಗಕ್ಕೆ ಹಿಂತಿರುಗಿದಾಗ ಅದು ಕಳುವಾಗಿದ್ದರೆ, ಅಲ್ಲಿ ಮೂರರಲ್ಲಿ ಒಂದು ದೃಶ್ಯ ಕಾಣುತ್ತದೆ. ತುಂಡಾದ ಕೇಬಲ್ ನೆಲದ ಮೇಲೆ ಬಿದ್ದಿರುತ್ತದೆ. ಇಲ್ಲವೇ ಬೀಗವೂ ಇದೆ, ಅದಕ್ಕೆ ಸಿಕ್ಕಿಸಿದ ಮುಂದಿನ ಚಕ್ರವೂ ಇದೆ, ಉಳಿದ ಸೈಕಲ್ ಮಾತ್ರ ಇಲ್ಲ. ಮೂರನೆಯದು ವಿಚಿತ್ರ: ಸೈಕಲ್ಲೂ ಇಲ್ಲ, ಬೀಗವೂ ಇಲ್ಲ, ಕಂಬ ಮಾತ್ರ ಏನೂ ಆಗದವರಂತೆ ನಿಂತಿರುತ್ತದೆ. ಮೊದಲನೆಯದರಲ್ಲಿ ಸೋತದ್ದು ಬೀಗ, ಎರಡನೆಯದರಲ್ಲಿ ಕಟ್ಟಿದ ರೀತಿ, ಮೂರನೆಯದರಲ್ಲಿ ಕಟ್ಟಿದ ಜಾಗ. ಹೊಸ ಬೀಗ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಯೋಚಿಸುವುದು ಮೊದಲನೆಯದನ್ನಷ್ಟೇ.

ಈ ವಿಷಯ ಈಗ ಮೊದಲಿಗಿಂತ ಹೆಚ್ಚು ಜನರಿಗೆ ಬೇಕಾಗಿರುವುದಕ್ಕೆ ಒಂದು ದೊಡ್ಡ ಕಾರಣ ಲಿಥಿಯಂ ಬ್ಯಾಟರಿ. ಅದು ಒಂದು ಕಡೆ ಸೈಕಲ್ಲಿಗೆ ಮೋಟಾರು ಕೂರಿಸಿ ಅದರ ಬೆಲೆಯನ್ನು ಹಲವು ಪಟ್ಟು ಏರಿಸಿತು. ಇನ್ನೊಂದು ಕಡೆ, ಗೋಡೆಯ ಪ್ಲಗ್ಗನ್ನು ಬಿಟ್ಟು ಅಲುಗದಿದ್ದ ಲೋಹ ಕೊಯ್ಯುವ ಗ್ರೈಂಡರನ್ನು ಬೆನ್ನಚೀಲದೊಳಗೆ ಇಳಿಸಿತು. ಕದಿಯುವ ಮಾಲು, ಕದಿಯುವ ಸಾಧನ ಎರಡೂ ಒಂದೇ ಬ್ಯಾಟರಿಯಿಂದ ಬೆಳೆದವು.

## ಬೀಗವನ್ನು ಅಳೆಯುವುದು ನಿಮಿಷಗಳಲ್ಲಿ

ಕತ್ತರಿಸಲಾಗದ ಬೀಗ ಎಂಬುದಿಲ್ಲ. ಕಾರ್ಖಾನೆಯಲ್ಲಿ ಲೋಹವನ್ನು ಕತ್ತರಿಸಿಯೇ ಬೀಗ ಮಾಡಿರುತ್ತಾರೆ. ಅಲ್ಲಿ ಕತ್ತರಿಸಿದ್ದು ಬೀದಿಯಲ್ಲೂ ಕತ್ತರಿಸುತ್ತದೆ. ಆದ್ದರಿಂದ ಬೀಗದ ವಿಷಯದಲ್ಲಿ ಅರ್ಥವಿರುವ ಪ್ರಶ್ನೆಗಳು ಮೂರೇ: ಯಾವ ಸಾಧನ ಬೇಕು, ಎಷ್ಟು ಹೊತ್ತು ಬೇಕು, ಎಷ್ಟು ಸದ್ದಾಗುತ್ತದೆ?

ತಿಜೋರಿಗಳನ್ನು ಅಳೆಯುವುದೂ ಹೀಗೆಯೇ. ಟಿಎಲ್-15, ಟಿಎಲ್-30 ಎಂದು ಗುರುತು ಹಾಕಿದ ತಿಜೋರಿಗಳಿವೆ. ಸಾಧನಗಳನ್ನು ಹಿಡಿದ ಪರಿಣತರು ನಿಜವಾಗಿ ಕೈಯಾಡಿಸಿದ ಹೊತ್ತಿನ ಲೆಕ್ಕದಲ್ಲಿ 15 ಅಥವಾ 30 ನಿಮಿಷ ಅದು ತಡೆದಿದೆ ಎಂಬುದು ಆ ಅಂಕಿಯ ಅರ್ಥ. ಕೋಣೆ ತುಂಬುವ ಉಕ್ಕಿನ ಪೆಟ್ಟಿಗೆಯ ಲೆಕ್ಕವೇ ಹೀಗಿರುವಾಗ, ಒಂದೂವರೆ ಕೆ.ಜಿ. ತೂಗುವ ಸೈಕಲ್ ಬೀಗದಿಂದ ಏನನ್ನು ನಿರೀಕ್ಷಿಸಬಹುದು ಎಂದು ಊಹಿಸಬಹುದು.

ಹಾಗಾದರೆ ಬೀಗ ಯಾಕೆ ಬೇಕು? ಕಳ್ಳರಲ್ಲಿ ಎರಡು ಬಗೆ. ಬರಿಗೈಯಲ್ಲೋ ಒಂದು ಕಟಿಂಗ್ ಪ್ಲೇಯರ್ ಇಟ್ಟುಕೊಂಡೋ ಓಡಾಡುತ್ತ, ಸುಲಭಕ್ಕೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವವರು ಒಂದು ಬಗೆ. ಸಾಧನ ಹೊತ್ತು, ಯಾವ ಸೈಕಲ್ ಎಂದು ಮೊದಲೇ ನೋಡಿಟ್ಟುಕೊಂಡು ಬರುವವರು ಇನ್ನೊಂದು. ಸಾಧಾರಣ ಒಳ್ಳೆಯ ಬೀಗವೂ ಮೊದಲ ಬಗೆಯವರನ್ನು ಪೂರ್ತಿ ತಡೆಯುತ್ತದೆ. ಎರಡನೆಯವರ ವಿಷಯದಲ್ಲಿ ಬೀಗ ಮಾಡುವುದು ಇಷ್ಟೇ: ಹೊತ್ತನ್ನು ಹಿಗ್ಗಿಸುತ್ತದೆ, ಸದ್ದು ಮಾಡಿಸುತ್ತದೆ, ದೊಡ್ಡ ಸಾಧನ ಹೊರಿಸುತ್ತದೆ. ಆ ಹೊತ್ತಿನಲ್ಲಿ ಯಾರೂ ನೋಡದಿದ್ದರೆ, ಆ ಸದ್ದು ಯಾರಿಗೂ ಕೇಳದಿದ್ದರೆ ಬೀಗ ಎಷ್ಟು ಗಟ್ಟಿಯಿದ್ದರೂ ಒಂದೇ.

## ಯಾವ ಸಾಧನಕ್ಕೆ ಯಾವ ಬೀಗ ಸೋಲುತ್ತದೆ

ಕೇಬಲ್ ಬೀಗದಿಂದ ಶುರು ಮಾಡೋಣ, ಯಾಕೆಂದರೆ ಅದರ ಕಥೆ ಬೇಗ ಮುಗಿಯುತ್ತದೆ. ಹೊರಗಿನಿಂದ ಹೆಬ್ಬೆರಳಷ್ಟು ದಪ್ಪ ಕಂಡರೂ ಅದರಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲು ದೊಡ್ಡದು. ಒಳಗಿನ ಉಕ್ಕಿನ ಹಗ್ಗ ಎಷ್ಟೋ ಸಪೂರ. ಅದೂ ಒಂದೇ ಸರಳಲ್ಲ, ಕೂದಲೆಳೆಯಂಥ ತಂತಿಗಳ ಹುರಿ. ಹುರಿಯನ್ನು ಒಟ್ಟಿಗೆ ತುಂಡರಿಸಬೇಕಾಗಿಲ್ಲ, ಎಳೆ ಎಳೆಯಾಗಿ ಕಚ್ಚುತ್ತಾ ಹೋದರೆ ಸಾಕು. ಜೇಬಿನಲ್ಲಿ ಹಿಡಿಸುವ ಕಟರ್ ಇದಕ್ಕೆ ಸಾಲುತ್ತದೆ, ಸದ್ದೂ ಇಲ್ಲ. ಕೇಬಲ್ಲಿಗೆ ಇರುವ ನ್ಯಾಯವಾದ ಕೆಲಸ ಒಂದೇ: ಮುಖ್ಯ ಬೀಗ ಬೇರೆ ಇದ್ದಾಗ, ಮುಂದಿನ ಚಕ್ರವನ್ನೋ ಸೀಟನ್ನೋ ಅದಕ್ಕೆ ಜೋಡಿಸುವುದು.

ಹಿಂದಿನ ಚಕ್ರದ ಮೇಲೆ ಫ್ರೇಮಿಗೇ ಕೂರಿಸಿರುವ ಉಂಗುರದ ಬೀಗ ಕಡ್ಡಿಗಳ ನಡುವೆ ಒಂದು ಸರಳನ್ನು ತೂರಿಸಿ ಚಕ್ರ ತಿರುಗದಂತೆ ಮಾಡುತ್ತದೆ. ಹತ್ತಿ ಓಡಿಸಿಕೊಂಡು ಹೋಗುವುದನ್ನು ಅದು ತಡೆಯುತ್ತದೆ. ಹೆಗಲ ಮೇಲೆ ಹೊತ್ತುಕೊಂಡು ಹೋಗುವುದನ್ನು ತಡೆಯುವುದಿಲ್ಲ. ಅಂಗಡಿಯ ಬಾಗಿಲಲ್ಲಿ, ಕಣ್ಣೆದುರೇ ಎರಡು ನಿಮಿಷ ನಿಲ್ಲಿಸುವಾಗ ಅದು ಸಾಕು.

ಸರಪಳಿಯ ಎದುರಾಳಿ ಬೋಲ್ಟ್ ಕಟರ್. ಉದ್ದ ಹಿಡಿಗಳ, ಚಿಕ್ಕ ದವಡೆಯ ಈ ಕತ್ತರಿ ಕೈಯ ಬಲವನ್ನು ಹತ್ತಾರು ಪಟ್ಟು ಹೆಚ್ಚಿಸುತ್ತದೆ. ಹಿಡಿ ಉದ್ದವಾದಷ್ಟೂ ಬಲ ಜಾಸ್ತಿ, ಬಚ್ಚಿಡುವುದು ಮಾತ್ರ ಕಷ್ಟ: 24 ಇಂಚಿನದು ಚೀಲದಲ್ಲಿ ಹಿಡಿಸುತ್ತದೆ, 42 ಇಂಚಿನದು ಮೀಟರಿಗಿಂತ ಉದ್ದ. ಸರಪಳಿಯ ಕೊಂಡಿ ಎಷ್ಟು ದಪ್ಪ ಎಂಬುದು ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ. 8 ಮಿ.ಮೀ. ಕೊಂಡಿ ಮಧ್ಯಮ ಗಾತ್ರದ ಕಟರಿಗೇ ಬೀಳುತ್ತದೆ. 10ರಿಂದ 12 ಮಿ.ಮೀ. ಹದಗೊಳಿಸಿದ ಉಕ್ಕಿಗೆ ದೊಡ್ಡ ಕಟರ್ ಬೇಕು. 14 ಮಿ.ಮೀ. ಎಂದರೆ ಕೈಯಿಂದ ಒತ್ತುವ ಕಟರುಗಳ ಮೇರೆ. 16 ಮಿ.ಮೀ. ಕೊಂಡಿಯನ್ನು ಕೈಯಿಂದ ಒತ್ತಿ ಕತ್ತರಿಸುವುದು ಆಗದ ಮಾತು. ಕಾರಣ ಸರಳ ಗಣಿತ: ವ್ಯಾಸ ಎರಡು ಪಟ್ಟಾದರೆ ಕತ್ತರಿಸಬೇಕಾದ ಲೋಹ ನಾಲ್ಕು ಪಟ್ಟಾಗುತ್ತದೆ. ಅಳೆಯಬೇಕಾದದ್ದು ಕೊಂಡಿಯ ಸರಳನ್ನು, ಮೇಲಿನ ಬಟ್ಟೆಯ ಕವಚವನ್ನಲ್ಲ. ಅಗ್ಗದ ಸರಪಳಿಗಳು ದಪ್ಪ ಕಾಣುವುದೇ ಕವಚದಿಂದ.

ದಪ್ಪದಷ್ಟೇ ಮುಖ್ಯ ಉಕ್ಕಿನ ಹದ. ಗೇಟಿಗೆ ಹಾಕುವ ಮಾಮೂಲಿ ಸರಪಳಿ ಮೆದು ಉಕ್ಕಿನದು, ಕಟರಿನ ದವಡೆ ಅದರೊಳಗೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬೀಗಕ್ಕೆಂದೇ ಮಾಡಿದ ಸರಪಳಿಯನ್ನು ಕಾಯಿಸಿ ತಣಿಸಿ ಹೊರಮೈ ಗಡುಸಾಗುವಂತೆ, ಒಳತಿರುಳು ಸ್ವಲ್ಪ ಬಾಗುವ ಗುಣ ಉಳಿಸಿಕೊಳ್ಳುವಂತೆ ಹದಗೊಳಿಸಿರುತ್ತಾರೆ. ಪೂರ್ತಿ ಗಡುಸಾದರೆ ಸುತ್ತಿಗೆಯ ಏಟಿಗೆ ಗಾಜಿನಂತೆ ಒಡೆಯುತ್ತದೆ, ಪೂರ್ತಿ ಮೆದುವಾದರೆ ಕತ್ತರಿಸುತ್ತದೆ. ಪರೀಕ್ಷೆ ಸುಲಭ: ಕೊಂಡಿಯ ಮೇಲೆ ಅರ ಹಾಕಿ ಉಜ್ಜಿ ನೋಡಿ. ಹದಗೊಳಿಸಿದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆದು ಉಕ್ಕಿನಲ್ಲಿ ಕಚ್ಚಿ ಪುಡಿ ಉದುರಿಸುತ್ತದೆ.

ಸರಪಳಿಯ ಕಷ್ಟವೆಂದರೆ ತೂಕ. ಒಂದು ಮೀಟರ್ ಉದ್ದದ 10 ಮಿ.ಮೀ. ಸರಪಳಿ ಎರಡು ಕೆ.ಜಿ.ಗೂ ಮೇಲೆ ತೂಗುತ್ತದೆ, 16 ಮಿ.ಮೀ.ನದು ಐದು ಕೆ.ಜಿ. ದಾಟುತ್ತದೆ. ಹಾಗಾಗಿ ದಪ್ಪ ಸರಪಳಿ ಹೊತ್ತು ತಿರುಗುವ ವಸ್ತುವಲ್ಲ. ಮನೆಯಲ್ಲೋ ದಿನವೂ ನಿಲ್ಲಿಸುವ ಜಾಗದಲ್ಲೋ ಬಿಟ್ಟಿರುವಂಥದ್ದು.

ದಾರಿಯಲ್ಲಿ ಒಯ್ಯಲು ಹೆಚ್ಚು ಮಂದಿ ಆರಿಸುವುದು ಯು-ಲಾಕ್. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿದ ಗಟ್ಟಿ ಸರಳು, ಅದರ ಎರಡು ತುದಿಗಳನ್ನು ಕೂಡಿಸುವ ಅಡ್ಡಪಟ್ಟಿ, ಇಷ್ಟೇ. ಸರಳು 13ರಿಂದ 18 ಮಿ.ಮೀ. ದಪ್ಪ, ತೂಕ ಒಂದರಿಂದ ಎರಡು ಕೆ.ಜಿ. 16 ಮಿ.ಮೀ. ದಾಟಿದ ಯು-ಲಾಕಿನ ಮುಂದೆ ಬೋಲ್ಟ್ ಕಟರಿನ ಆಟ ನಡೆಯುವುದಿಲ್ಲ.

ಅದರ ದುರ್ಬಲತೆ ಬೇರೆ ಕಡೆಯಿದೆ: ಖಾಲಿ ಜಾಗ. ಯು ಒಳಗೆ ಅಂತರ ಉಳಿದರೆ ಅಲ್ಲಿ ಹಾರೆ ತೂರಿಸಿ ಮೀಟಬಹುದು, ಕಾರಿನ ಚಕ್ರ ಬದಲಿಸುವ ಜಾಕ್ ಕೂರಿಸಿ ಹಿಗ್ಗಿಸಬಹುದು. ಟನ್ನುಗಟ್ಟಲೆ ಎತ್ತುವ ಜಾಕಿಗೆ ಬೀಗದ ಬಾಯಿ ಬಿಡಿಸುವುದು ದೊಡ್ಡ ಕೆಲಸವಲ್ಲ. ಆದರೆ ಅದಕ್ಕೂ ಕೂರಲು ಜಾಗ ಬೇಕಲ್ಲ! ಆದ್ದರಿಂದ ಯು-ಲಾಕ್ ಕೊಳ್ಳುವಾಗ ದೊಡ್ಡದು ಒಳ್ಳೆಯದು ಎಂಬ ಲೆಕ್ಕ ತಲೆಕೆಳಗು. ಫ್ರೇಮು, ಚಕ್ರ, ಕಂಬ ಮೂರನ್ನೂ ಹೇಗೋ ಹಿಡಿಸುವಷ್ಟು ಚಿಕ್ಕದಿರಬೇಕು, ಹಾಕಿದ ಮೇಲೆ ಒಳಗೆ ಬೆರಳಾಡಿಸಲೂ ಕಷ್ಟವಾಗಬೇಕು.

ಯು-ಲಾಕಿನಲ್ಲಿ ನೋಡಬೇಕಾದ ಇನ್ನೊಂದು ಅಂಶವಿದೆ. ಅಡ್ಡಪಟ್ಟಿ ಸರಳಿನ ಒಂದೇ ಕಾಲನ್ನು ಕಚ್ಚುತ್ತದೋ ಎರಡನ್ನೂ ಕಚ್ಚುತ್ತದೋ? ಒಂದೇ ಕಾಲನ್ನು ಕಚ್ಚುವಂಥದ್ದನ್ನು ಒಂದು ಕಡೆ ಕತ್ತರಿಸಿ ತಿರುಚಿದರೆ ಕಳಚಿಕೊಳ್ಳುತ್ತದೆ. ಎರಡೂ ಕಾಲನ್ನು ಕಚ್ಚುವ ಗಟ್ಟಿ ಬೀಗವನ್ನು ಬಿಡಿಸಲು ಸಾಮಾನ್ಯವಾಗಿ ಎರಡು ಕಡೆ ಕತ್ತರಿಸಬೇಕು. ಎಂದರೆ ಕಳ್ಳನ ಹೊತ್ತು ಎರಡು ಪಟ್ಟು. ಪೊಟ್ಟಣದ ಮೇಲೆ ಬರೆದಿಲ್ಲದಿದ್ದರೆ ಬೀಗ ತೆಗೆದು ಸರಳಿನ ಎರಡು ತುದಿಗಳಲ್ಲೂ ಕಚ್ಚು ಇದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಮಡಚುವ ಬೀಗ ಇವೆರಡರ ನಡುವಿನದು. ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ರಿವೆಟ್ಟಿನಿಂದ ಜೋಡಿಸಿರುತ್ತಾರೆ. ಒಯ್ಯಲು ಅನುಕೂಲ, ಆದರೆ ಪಟ್ಟಿಗಿಂತ ಮೊದಲು ಸೋಲುವುದು ರಿವೆಟ್ಟು.

## ಗ್ರೈಂಡರ್ ಬಂದ ಮೇಲೆ

ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಬುಡಮೇಲು ಮಾಡಿದ್ದು ಬ್ಯಾಟರಿಯ ಆ್ಯಂಗಲ್ ಗ್ರೈಂಡರ್. 115 ಅಥವಾ 125 ಮಿ.ಮೀ. ವ್ಯಾಸದ ತೆಳು ಬಿಲ್ಲೆಯೊಂದು ನಿಮಿಷಕ್ಕೆ ಹತ್ತು ಸಾವಿರದಷ್ಟು ಸುತ್ತು ತಿರುಗುತ್ತದೆ. ಅದರ ಅಂಚು ಸೆಕೆಂಡಿಗೆ ಅರವತ್ತು ಮೀಟರಿಗೂ ಹೆಚ್ಚು ವೇಗದಲ್ಲಿ ಲೋಹವನ್ನು ಸವೆಸುತ್ತದೆ. ಇದು ಕತ್ತರಿಯಲ್ಲ, ಉಜ್ಜುಗಲ್ಲು. ಬಿಲ್ಲೆಯಲ್ಲಿರುವ ಹರಳುಗಳು ಯಾವ ಹದದ ಉಕ್ಕಿಗಿಂತಲೂ ಗಡುಸು. ಆದ್ದರಿಂದ ಬೋಲ್ಟ್ ಕಟರನ್ನು ಸೋಲಿಸಿದ ಗಡುಸುತನ ಇಲ್ಲಿ ಲೆಕ್ಕಕ್ಕಿಲ್ಲ, ದಪ್ಪವಷ್ಟೇ ಕೆಲವು ಸೆಕೆಂಡು ಕೊಡುತ್ತದೆ. 14 ಮಿ.ಮೀ. ಸರಳಿಗೆ ಒಂದು ಕಡೆ ಕೊಯ್ಯಲು ಸುಮಾರು ಅರ್ಧ ನಿಮಿಷ ಸಾಕು.

ಬೀಗ ತಯಾರಕರ ಉತ್ತರ ಚಾಪೆ–ರಂಗೋಲಿಯ ಗಾದೆಯನ್ನು ನೆನಪಿಸುತ್ತದೆ. ಲೋಹವನ್ನು ಇನ್ನೂ ಗಡುಸು ಮಾಡುವುದನ್ನು ಬಿಟ್ಟು ಅವರು ಬಿಲ್ಲೆಯನ್ನೇ ಸವೆಸುವ ದಾರಿ ಹಿಡಿದರು. ಉಕ್ಕಿನ ಸರಳಿನ ಸುತ್ತ ಪಿಂಗಾಣಿಯಂಥ ಗಡುಸು ಕಣಗಳನ್ನು ಬೆರೆಸಿದ ಮಿಶ್ರ ವಸ್ತುವಿನ ಹೊದಿಕೆ ಹಾಕಿದರೆ, ಗ್ರೈಂಡರ್ ಬೀಗವನ್ನು ತಿನ್ನುವುದಕ್ಕಿಂತ ಬೇಗ ಬೀಗ ಬಿಲ್ಲೆಯನ್ನು ತಿನ್ನುತ್ತದೆ. ಒಂದು ಬೀಗಕ್ಕೆ ಹಲವು ಬಿಲ್ಲೆ ಬೇಕಾಗುತ್ತದೆ, ನಡುನಡುವೆ ನಿಲ್ಲಿಸಿ ಬದಲಿಸಬೇಕು, ಬ್ಯಾಟರಿಯೂ ಇಳಿಯುತ್ತದೆ. ಅರ್ಧ ನಿಮಿಷದ ಕೆಲಸ ಹಲವು ನಿಮಿಷಕ್ಕೆ ಏರುತ್ತದೆ. ಬೆಲೆಯೂ ಹಾಗೆಯೇ ಮಾಮೂಲಿ ಯು-ಲಾಕಿನ ಎರಡು-ಮೂರು ಪಟ್ಟಾಗುತ್ತದೆ. ಆದರೆ ಇವು ಗ್ರೈಂಡರನ್ನು ತಾಳಿಕೊಳ್ಳುವ ಬೀಗಗಳು ಅಷ್ಟೇ, ಗ್ರೈಂಡರಿಗೆ ಜಗ್ಗದ ಬೀಗಗಳಲ್ಲ. ಇಂಥ ಬೀಗ ಹಾಕಿದ ಸೈಕಲ್ಲಿನಲ್ಲಿ ಅತ್ಯಂತ ಮೆದುವಾದ ವಸ್ತು ಸೈಕಲ್ಲೇ ಆಗಿಬಿಡುತ್ತದೆ ಎಂಬುದೂ ನೆನಪಿರಲಿ: ಬಿಡಿಭಾಗಗಳಷ್ಟೇ ಸಾಕು ಎನ್ನುವ ಕಳ್ಳ ಬೀಗದ ಬದಲು ಅಲ್ಯುಮಿನಿಯಂ ಫ್ರೇಮನ್ನೇ ಕೊಯ್ಯಬಹುದು.

ಗ್ರೈಂಡರಿಗಿರುವ ಶಾಪ ಸದ್ದು ಮತ್ತು ಕಿಡಿ. ಹಗಲಿನಲ್ಲಿ, ಜನರ ನಡುವೆ ಅದನ್ನು ಬಳಸುವವನು ರಿಪೇರಿ ಕೆಲಸದವನಂತೆ ಕಂಡರೆ ಯಾರೂ ಕೇಳುವುದಿಲ್ಲ ಎಂಬುದು ಬೇರೆ ಮಾತು.

## ಬೀಗದ ಕೈ ತೂರುವ ರಂಧ್ರದೊಳಗೆ

ಸರಳನ್ನು ಮುಟ್ಟದೆ ಬೀಗವನ್ನೇ ತೆರೆಯುವುದು ಇನ್ನೊಂದು ದಾರಿ. ಬೀದಿಯಲ್ಲಿ ಇದು ಕಡಿಮೆ, ಯಾಕೆಂದರೆ ಕತ್ತರಿಸುವುದು ಬೇಗ. ಆದರೆ ಒಂದು ಪ್ರಸಂಗ ಈ ಉದ್ಯಮವನ್ನೇ ಬದಲಿಸಿತು. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಹೆಸರಾಂತ ಯು-ಲಾಕನ್ನು ಸಾಧಾರಣ ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದು ಎಂಬುದು ಇಂಟರ್‌ನೆಟ್ಟಿನಲ್ಲಿ ಹರಡಿತು. ಅದು ಕೊಳವೆಯಾಕಾರದ ಕೀ ಹಾಕುವ ಬೀಗ. ಒಳಗೆ ಸಣ್ಣ ಸಣ್ಣ ಪಿನ್ನುಗಳು ವೃತ್ತಾಕಾರವಾಗಿ ನಿಂತಿರುತ್ತವೆ. ಮೆದು ಪ್ಲಾಸ್ಟಿಕ್ಕನ್ನು ಒತ್ತಿ ಅಲುಗಾಡಿಸಿದಾಗ ಪ್ರತಿ ಪಿನ್ನೂ ತನಗೆ ಬೇಕಾದಷ್ಟು ಅಚ್ಚನ್ನು ಅದರಲ್ಲಿ ಮೂಡಿಸಿಕೊಂಡು, ಪೆನ್ನೇ ಕೀ ಆಗಿಬಿಡುತ್ತಿತ್ತು. ಕಂಪನಿ ಅಂಥ ಬೀಗಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು. ಬೇರೆ ಕಂಪನಿಗಳ ಕೊಳವೆ ಕೀ ಬೀಗಗಳಿಗೂ ಅದೇ ದೋಷವಿತ್ತು.

ಈಗಿನ ಒಳ್ಳೆಯ ಬೀಗಗಳಲ್ಲಿ ಹೆಚ್ಚಾಗಿ ಇರುವುದು ಬಿಲ್ಲೆಗಳ ವ್ಯವಸ್ಥೆ. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ರೂಪಿಸಿದ ತತ್ವವದು. ಸಾಲಾಗಿ ನಿಂತ ಬಿಲ್ಲೆಗಳ ಅಂಚಿನಲ್ಲಿ ಒಂದೊಂದು ಕಚ್ಚು; ಕೀ ಪ್ರತಿ ಬಿಲ್ಲೆಯನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿ ಎಲ್ಲ ಕಚ್ಚುಗಳನ್ನೂ ಒಂದೇ ಸಾಲಿಗೆ ತಂದಾಗ ಅಡ್ಡಸರಳು ಅದರೊಳಗೆ ಬೀಳುತ್ತದೆ. ಸ್ಪ್ರಿಂಗುಗಳಿಲ್ಲದ್ದರಿಂದ ಧೂಳು, ತೇವಕ್ಕೂ ಇದು ಬೇಗ ಕೆಡುವುದಿಲ್ಲ. ಅಂಕಿ ತಿರುಗಿಸುವ ಬೀಗದಲ್ಲಿ ಕೀ ಕಳೆಯುವ ಭಯವಿಲ್ಲ. ಆದರೆ ಅಗ್ಗದವುಗಳಲ್ಲಿ ಬೀಗವನ್ನು ಸ್ವಲ್ಪ ಎಳೆದು ಹಿಡಿದು ಚಕ್ರ ತಿರುಗಿಸಿದರೆ ಸರಿಯಾದ ಅಂಕಿಯ ಬಳಿ ಬೆರಳಿಗೆ ವ್ಯತ್ಯಾಸ ತಿಳಿಯುತ್ತದೆ. ಬೀಗ ಹಾಕಿದ ಮೇಲೆ ಒಂದೇ ಅಂಕಿಯನ್ನು ಒಂದು ಮನೆ ಸರಿಸಿ ಹೋಗುವ ಅಭ್ಯಾಸವಂತೂ ಕಳ್ಳನಿಗೆ ಕೊಟ್ಟ ಕಾಣಿಕೆ.

## ಪೊಟ್ಟಣದ ಮೇಲಿನ ಚಿನ್ನ, ವಜ್ರ, ನಕ್ಷತ್ರ

ಬೀಗಗಳನ್ನು ಮೂರನೆಯವರು ಪರೀಕ್ಷಿಸಿ ದರ್ಜೆ ಕೊಡುವ ವ್ಯವಸ್ಥೆಗಳಿವೆ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂಬ ನಾಲ್ಕು ದರ್ಜೆ ಕೊಡುತ್ತದೆ. ನೆದರ್ಲೆಂಡ್ಸಿನ ಎಆರ್‌ಟಿ ನಕ್ಷತ್ರಗಳನ್ನು ಕೊಡುತ್ತದೆ. ಇವುಗಳಲ್ಲಿ ಗಮನಿಸಬೇಕಾದದ್ದು ವಿಭಾಗ: ಸೋಲ್ಡ್ ಸೆಕ್ಯೂರಿನಲ್ಲಿ ಸೈಕಲ್ಲಿಗೆ ಚಿನ್ನ ಬೇರೆ, ಮೋಟಾರ್ ಸೈಕಲ್ಲಿಗೆ ಚಿನ್ನ ಬೇರೆ. ಎರಡನೆಯದರ ಪರೀಕ್ಷೆ ಕಠಿಣ.

ಇದಲ್ಲದೆ ಕಂಪನಿಗಳು ತಮ್ಮದೇ ಅಂಕಿ ಹಾಕುತ್ತವೆ. ಆಬುಸ್ 15ರವರೆಗೆ, ಕ್ರಿಪ್ಟೊನೈಟ್ 10ರವರೆಗೆ ಎಣಿಸುತ್ತವೆ. ಒಂದೇ ಕಂಪನಿಯ ಎರಡು ಬೀಗಗಳನ್ನು ಹೋಲಿಸಲು ಇವು ಸರಿ. ಒಬ್ಬರ 9ನ್ನು ಇನ್ನೊಬ್ಬರ 9ರ ಪಕ್ಕ ಇಟ್ಟು ನೋಡುವುದು ಬೇರೆ ಬೇರೆ ಪರೀಕ್ಷೆಯ ಅಂಕಪಟ್ಟಿಗಳನ್ನು ಹೋಲಿಸಿದಂತೆ. ಸೈಕಲ್ ವಿಮೆ ಮಾಡಿಸಿದವರು ಮಾತ್ರ ಷರತ್ತುಗಳನ್ನು ಓದಲೇಬೇಕು. ಯಾವ ದರ್ಜೆಯ ಬೀಗವಿರಬೇಕು, ಸೈಕಲ್ಲನ್ನು ಅಲುಗದ ವಸ್ತುವಿಗೆ ಕಟ್ಟಿರಬೇಕು ಎಂದು ಬರೆದಿದ್ದರೆ, ಪರಿಹಾರ ಕೇಳುವಾಗ ಬೀಗದ ರಸೀದಿಯನ್ನೂ ಕೇಳುತ್ತಾರೆ.

## ಕಂಬ ಎಂಥದ್ದು?

ಅತಿ ದುಬಾರಿ ಬೀಗವೂ ತಾನು ಅಪ್ಪಿಕೊಂಡ ವಸ್ತುವಿಗಿಂತ ಗಟ್ಟಿಯಾಗಲಾರದು. ಮೇಲ್ಗಡೆ ಫಲಕವಿಲ್ಲದ ಗಿಡ್ಡ ಕಂಬದ ಮೇಲಿಂದ ಸೈಕಲ್ಲನ್ನು ಬೀಗದ ಸಮೇತ ಎತ್ತಿಬಿಡಬಹುದು. ಫಲಕವಿದ್ದರೂ ಅದನ್ನು ಹಿಡಿದಿರುವುದು ಎರಡು ಬೋಲ್ಟು. ಕಂಬದ ಬುಡ ನೆಲದೊಳಗೆ ಕಾಂಕ್ರೀಟಿನಲ್ಲಿದೆಯೋ, ಅಥವಾ ತಳದ ತಗಡನ್ನು ನಟ್ಟು ಹಾಕಿ ಕೂರಿಸಿದ್ದಾರೋ? ತೆಳು ಪಟ್ಟಿಯ ಗ್ರಿಲ್ಲು, ಜಾಲರಿ ಬೇಲಿ, ಎಳೆ ಮರ ಇವೆಲ್ಲ ಬೀಗಕ್ಕಿಂತ ಮೊದಲು ತುಂಡಾಗುತ್ತವೆ. ಮರಕ್ಕೆ ಕಟ್ಟಿದರೆ ಸೈಕಲ್ಲಿನ ಜೊತೆ ಮರವೂ ಹೋಗುತ್ತದೆ.

ಇನ್ನೂ ಚತುರ ಉಪಾಯವೊಂದಿದೆ. ಕಳ್ಳರು ಸೈಕಲ್ ಸ್ಟ್ಯಾಂಡಿನ ಕೊಳವೆಯನ್ನು ರಾತ್ರಿಯೇ ಕೊಯ್ದು, ಗಾಯದ ಮೇಲೆ ಅದೇ ಬಣ್ಣದ ಟೇಪು ಅಥವಾ ಸ್ಟಿಕ್ಕರು ಅಂಟಿಸಿ ಹೋಗಿರುತ್ತಾರೆ. ಬೆಳಿಗ್ಗೆ ಅದಕ್ಕೇ ಯಾರೋ ಸೈಕಲ್ ಕಟ್ಟುತ್ತಾರೆ. ಕಳ್ಳನಿಗೆ ಉಳಿದದ್ದು ಟೇಪು ಕಿತ್ತು ಕೊಳವೆಯನ್ನು ಬಗ್ಗಿಸುವುದು. ಆದ್ದರಿಂದ ಕಟ್ಟುವ ಮೊದಲು ಸ್ಟ್ಯಾಂಡನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ಅಲುಗಿಸಿ, ಅಂಟಿಸಿದ್ದೇನಾದರೂ ಇದೆಯೇ ಎಂದು ಉದ್ದಕ್ಕೂ ಕೈಯಾಡಿಸಿ. ಹತ್ತು ಸೆಕೆಂಡಿನ ಕೆಲಸ.

ನೆಲದಲ್ಲಿ ಎರಡು ಕಾಲೂರಿದ, ತಲೆಕೆಳಗಾದ ಯು ಆಕಾರದ ಕೊಳವೆ ಒಳ್ಳೆಯ ಸ್ಟ್ಯಾಂಡು. ಫ್ರೇಮನ್ನು ಎರಡು ಕಡೆ ಆನಿಸಿ ಕಟ್ಟಲು ಬರುತ್ತದೆ. ಮುಂದಿನ ಚಕ್ರವನ್ನಷ್ಟೇ ಸೀಳಿನಲ್ಲಿ ತೂರಿಸಿ ನಿಲ್ಲಿಸುವ ಸ್ಟ್ಯಾಂಡು ನೋಡಲು ಸಾಲು ಚೆಂದ. ಅದು ಚಕ್ರವನ್ನು ಸೊಟ್ಟ ಮಾಡುತ್ತದೆ, ಮತ್ತು ಈ ಲೇಖನದ ಆರಂಭದಲ್ಲಿ ಹೇಳಿದ ಎರಡನೆಯ ದೃಶ್ಯಕ್ಕೆ ಕಾರಣವೂ ಆಗುತ್ತದೆ.

## ಕಟ್ಟುವ ಕ್ರಮ

ಮುಂದಿನ ಚಕ್ರ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಕ್ಕೆ ಕಾರಣ ಕ್ವಿಕ್ ರಿಲೀಸ್ ಎಂಬ ಸನ್ನೆ. ಇಟಲಿಯ ರೇಸ್ ಸವಾರ ಟುಲಿಯೊ ಕಂಪಾನ್ಯೊಲೊ ಸ್ಪರ್ಧೆಯ ನಡುವೆ ಚಕ್ರ ಬೇಗ ಕಳಚಲೆಂದು ರೂಪಿಸಿದ್ದು ಅದು. ಸ್ಪಾನರ್ ಬೇಡ, ಕೆಲವೇ ಸೆಕೆಂಡು ಸಾಕು. ಸ್ಪರ್ಧಿಗೆ ಒದಗಿದ ಅನುಕೂಲ ಕಳ್ಳನಿಗೂ ಒದಗಿತು.

ಆದ್ದರಿಂದ ಬೀಗ ಹಿಡಿಯಬೇಕಾದದ್ದು ಫ್ರೇಮನ್ನು ಮತ್ತು ಹಿಂದಿನ ಚಕ್ರವನ್ನು. ಗೇರುಗಳಿರುವುದರಿಂದ ಹಿಂದಿನ ಚಕ್ರ ಮುಂದಿನದಕ್ಕಿಂತ ದುಬಾರಿ. ಯು-ಲಾಕನ್ನು ಹಿಂದಿನ ಚಕ್ರದ ರಿಮ್ಮಿನೊಳಗಿಂದ ತೂರಿಸಿ, ಸೀಟಿನ ಕೆಳಗಿನ ಕೊಳವೆಯನ್ನು ಬಳಸಿ, ಕಂಬಕ್ಕೆ ಸೇರಿಸಿ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಚಿಕ್ಕ ಬೀಗಕ್ಕೆ ಇಷ್ಟೆಲ್ಲ ಹಿಡಿಸದಿದ್ದರೆ ಅಮೆರಿಕದ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಪ್ರಚಾರ ಮಾಡಿದ ಉಪಾಯವಿದೆ: ಫ್ರೇಮಿನ ಹಿಂಭಾಗದ ತ್ರಿಕೋನದೊಳಗೆ ಬರುವ ಜಾಗದಲ್ಲಿ ರಿಮ್ಮು ಮತ್ತು ಟೈರನ್ನು ಮಾತ್ರ ಕಂಬಕ್ಕೆ ಕಟ್ಟುವುದು. ನೋಡಿದರೆ ಚಕ್ರವನ್ನಷ್ಟೇ ಕಟ್ಟಿದಂತೆ ಕಾಣುತ್ತದೆ. ಆದರೆ ಬೀಗ ಹಾಕಿದ ಚಕ್ರ ಆ ತ್ರಿಕೋನದಿಂದ ಹೊರಗೆ ಬರಲಾರದು, ಹಾಗಾಗಿ ಫ್ರೇಮೂ ಸಿಕ್ಕಿಬೀಳುತ್ತದೆ. ರಿಮ್ಮನ್ನೇ ಕೊಯ್ದರೆ? ಒಳ್ಳೆಯ ಚಕ್ರದ ಒಂದೊಂದು ಕಡ್ಡಿಯೂ ಸುಮಾರು 100 ಕೆ.ಜಿ. ತೂಗಹಾಕಿದಷ್ಟು ಬಿಗಿಯಿರುತ್ತದೆ, ಗರಗಸ ಅರ್ಧ ಇಳಿಯುವಷ್ಟರಲ್ಲಿ ರಿಮ್ಮು ಒಳಮುಖವಾಗಿ ಕುಗ್ಗಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಗ್ರೈಂಡರ್ ಇರುವವನಿಗೆ ಈ ಅಡ್ಡಿ ದೊಡ್ಡದಲ್ಲ. ಅದಕ್ಕೇ ಇದು ಎರಡನೆಯ ಆಯ್ಕೆ.

ಮುಂದಿನ ಚಕ್ರಕ್ಕೆ ಕೇಬಲ್ ಸುತ್ತಿ ಅದರ ಕುಣಿಕೆಯನ್ನು ಯು-ಲಾಕಿಗೆ ಸಿಕ್ಕಿಸಿ. ಪ್ರತಿದಿನ ಕೇಬಲ್ ಸುತ್ತುವ ತಾಳ್ಮೆಯಿಲ್ಲದವರು ಕ್ವಿಕ್ ರಿಲೀಸ್ ತೆಗೆಸಿ, ವಿಶೇಷ ಕೀಯಿಂದಷ್ಟೇ ತಿರುಗುವ ಅಚ್ಚು ಹಾಕಿಸುವುದು ಮೇಲು. ಅಷ್ಟೂ ಬೇಡವೆಂದರೆ ಅಲೆನ್ ಕೀ ಹಾಕುವ ಅಚ್ಚಾದರೂ ಇರಲಿ, ಬರಿಗೈ ಕಳ್ಳನಿಗೆ ಅದೇ ತಡೆ. ಸೀಟಿನ ರಕ್ಷಣೆಗೆ ಅಗ್ಗದ ಉಪಾಯ: ಹಳೆಯ ಸೈಕಲ್ ಚೈನಿನ ತುಂಡೊಂದನ್ನು ಹಳೆ ಟ್ಯೂಬಿನೊಳಗೆ ತೂರಿಸಿ, ಸೀಟಿನ ಅಡಿಯ ಕಂಬಿ ಮತ್ತು ಫ್ರೇಮನ್ನು ಬಳಸಿ ಬೆಸೆಯುವುದು. ಟ್ಯೂಬು ಬಣ್ಣ ಕೆರೆಯದಂತೆ ನೋಡಿಕೊಳ್ಳುತ್ತದೆ. ಲೈಟು, ಪಂಪು, ಚೀಲ, ಕಳಚಬಲ್ಲ ಬ್ಯಾಟರಿ ಕೈಯಲ್ಲೇ ಬರಲಿ.

ಬೀಗ ನೆಲಕ್ಕೆ ತಾಗಬಾರದು. ಸರಪಳಿ ನೆಲದ ಮೇಲಿದ್ದರೆ ಕಳ್ಳ ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಹಾಕಬಹುದು. ಗಾಳಿಯಲ್ಲಿದ್ದರೆ ತೋಳಿನ ಬಲವಷ್ಟೇ. ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆಯುವುದಕ್ಕೂ ಇದೇ ಲೆಕ್ಕ. ಕೀ ರಂಧ್ರ ಕೆಳಮುಖವಾಗಿರಲಿ. ಮಳೆನೀರು ಒಳಗಿಳಿಯುವುದಿಲ್ಲ, ಕಳ್ಳನ ಕೈಗೂ ಕಣ್ಣಿಗೂ ಅನುಕೂಲವಿರುವುದಿಲ್ಲ.

ಆಗಾಗ ರಂಧ್ರಕ್ಕೆ ಗ್ರಾಫೈಟ್ ಪುಡಿಯನ್ನೋ ಒಣಗುವ ಬಗೆಯ ಲೂಬ್ರಿಕೆಂಟನ್ನೋ ಹಾಕಿ. ದಪ್ಪ ಎಣ್ಣೆ ಧೂಳನ್ನು ಹಿಡಿದು ಕೆಸರಾಗುತ್ತದೆ. ಬಿಗಿದುಕೊಂಡ ಬೀಗದಲ್ಲಿ ಕೀ ಮುರಿದು ಉಳಿದರೆ ಗ್ರೈಂಡರ್ ಹಿಡಿಯುವ ಸರದಿ ನಿಮ್ಮದು. ಕೀ ಜೊತೆ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ ಹಲವು ಕಂಪನಿಗಳು ಹೊಸ ಕೀ ಮಾಡಿಕೊಡುತ್ತವೆ.

ಮನೆಯೊಳಗಿನ ಸೈಕಲ್ಲಿಗೂ ಬೀಗ ಬೇಕು. ಶೆಡ್ಡಿನಲ್ಲಿ, ಮೆಟ್ಟಿಲ ಕೆಳಗೆ, ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ಕಳ್ಳನಿಗೆ ಬೀದಿಯಲ್ಲಿ ಸಿಗದ ಎರಡು ವಸ್ತು ಸಿಗುತ್ತವೆ: ಮರೆ ಮತ್ತು ಬಿಡುವು. ಭಾರದ ಸರಪಳಿಗೆ ಇದೇ ಸರಿಯಾದ ಜಾಗ. ಕಾಂಕ್ರೀಟಿಗೆ ಬೋಲ್ಟ್ ಹೊಡೆದ ಉಕ್ಕಿನ ಕೊಂಡಿಯಿದ್ದರೆ ಇನ್ನೂ ಒಳ್ಳೆಯದು. ಸವಾರಿಯ ನಕ್ಷೆಯನ್ನು ಆ್ಯಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವವರು ಮನೆಯ ಸುತ್ತಲಿನ ಭಾಗ ಮರೆಯಾಗುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ದಿನವೂ ಒಂದೇ ಬಾಗಿಲಲ್ಲಿ ಆರಂಭವಾಗಿ ಅಲ್ಲೇ ಮುಗಿಯುವ ಗೆರೆ ವಿಳಾಸ ಬರೆದಂತೆ.

## ಟ್ರ್ಯಾಕರ್ ಹಾಕಿದರೆ?

ಟ್ರ್ಯಾಕರುಗಳಲ್ಲಿ ಎರಡು ಬಗೆ. ಜಿಪಿಎಸ್ ಟ್ರ್ಯಾಕರ್ ಉಪಗ್ರಹದಿಂದ ಸ್ಥಳ ತಿಳಿದುಕೊಂಡು ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಅದಕ್ಕೆ ಸಿಮ್ ಬೇಕು, ಆಗಾಗ ಚಾರ್ಜು ಬೇಕು, ಆಕಾಶ ಕಾಣದ ನೆಲಮಾಳಿಗೆಯಲ್ಲಿ ಅದು ಕುರುಡು. 2021ರಲ್ಲಿ ಬಂದ ಏರ್‌ಟ್ಯಾಗ್‌ನಂಥ ಬ್ಲೂಟೂತ್ ಬಿಲ್ಲೆಗೆ ತನ್ನದೇ ಜಿಪಿಎಸ್ ಇಲ್ಲ. ಹತ್ತಿರ ಹಾದುಹೋಗುವವರ ಫೋನುಗಳು ಅದರ ದನಿ ಕೇಳಿ ಸ್ಥಳ ತಿಳಿಸುತ್ತವೆ. ನಾಣ್ಯದಂಥ ಬ್ಯಾಟರಿ ವರ್ಷದಷ್ಟು ಬರುತ್ತದೆ, ಆದರೆ ಜನ ಓಡಾಡದ ಕಡೆ ಅದು ಮೂಕ.

ಬ್ಲೂಟೂತ್ ಬಿಲ್ಲೆಗೆ ಇನ್ನೊಂದು ಮಿತಿಯಿದೆ. ಇಂಥ ಬಿಲ್ಲೆಗಳನ್ನು ಜನರ ಬೆನ್ನುಹತ್ತಲು ಬಳಸಬಾರದೆಂದು, ಅಪರಿಚಿತ ಬಿಲ್ಲೆ ತಮ್ಮೊಡನೆ ಚಲಿಸುತ್ತಿದ್ದರೆ ಫೋನುಗಳು ಎಚ್ಚರಿಸುತ್ತವೆ. 2024ರಿಂದ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಒಂದೇ ಮಾನದಂಡದಲ್ಲಿ ಈ ಎಚ್ಚರಿಕೆ ಇದೆ. ಸೈಕಲ್ ಕದ್ದವನೂ ಫೋನಿನ ಲೆಕ್ಕದಲ್ಲಿ ಬೆನ್ನುಹತ್ತಲ್ಪಟ್ಟವನೇ! ಬಿಲ್ಲೆಯನ್ನು ಲೋಹದ ಅಥವಾ ಕಾರ್ಬನ್ ಕೊಳವೆಯ ಆಳದಲ್ಲಿ ಬಚ್ಚಿಟ್ಟರೆ ಸಂಕೇತವೂ ಕುಗ್ಗುತ್ತದೆ. ಸೀಟಿನ ಅಡಿ, ಹಿಂದಿನ ದೀಪದೊಳಗೆ, ಹ್ಯಾಂಡಲ್ ಹಿಡಿಯ ತುದಿಯಲ್ಲಿ ಇಡುವುದು ರೂಢಿ. ಯಾವ ಟ್ರ್ಯಾಕರೂ ಕಳ್ಳತನವನ್ನು ತಡೆಯುವುದಿಲ್ಲ. ಕಳುವಾದ ಮೇಲಿನ ಮೊದಲ ಕೆಲವು ಗಂಟೆಗಳಲ್ಲಿ ಒಂದು ಸುಳಿವು ಕೊಡಬಹುದು.

## ಫ್ರೇಮ್ ನಂಬರ್

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಬಹಳ ಮಂದಿ ಫ್ರೇಮ್ ನಂಬರ್ ಹುಡುಕುವುದು ಸೈಕಲ್ ಹೋದ ಮೇಲೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಎರಡು ಪೆಡಲುಗಳ ನಡುವಿನ ದಪ್ಪ ಕೊಳವೆಯ ಅಡಿಯನ್ನು ಒರೆಸಿ ನೋಡಿ. ಹೆಚ್ಚಿನವುಗಳಲ್ಲಿ ಅಲ್ಲೇ ಕೊರೆದಿರುತ್ತಾರೆ. ಅಲ್ಲಿಲ್ಲದಿದ್ದರೆ ಹ್ಯಾಂಡಲಿನ ಕೆಳಗಿನ ಕೊಳವೆಯಲ್ಲೋ ಹಿಂದಿನ ಅಚ್ಚಿನ ಬಳಿಯೋ ಸಿಗುತ್ತದೆ. ಆ ಸಂಖ್ಯೆಯ ಫೋಟೊ, ಇಡೀ ಸೈಕಲ್ಲಿನ ಫೋಟೊ, ಗೀರು-ಕಲೆಗಳ ಫೋಟೊ, ರಸೀದಿ ಈ ನಾಲ್ಕೂ ಫೋನಿನಲ್ಲಿ ಮಾತ್ರವಲ್ಲದೆ ಇನ್ನೊಂದು ಕಡೆಯೂ ಇರಲಿ.

ಈ ಸಂಖ್ಯೆಗೆ ಬೆಲೆ ಬರುವುದು ಅದು ಯಾವುದಾದರೂ ದಾಖಲೆಯಲ್ಲಿ ಸೇರಿದಾಗ. ಜಪಾನಿನಲ್ಲಿ 1994ರಿಂದ ಸೈಕಲ್ ನೋಂದಣಿ ಕಾನೂನಿನ ಪ್ರಕಾರ ಕಡ್ಡಾಯ. ನೋಂದಣಿಯ ಸ್ಟಿಕ್ಕರ್ ಫ್ರೇಮಿನ ಮೇಲೆ ಇರುತ್ತದೆ. ಅಮೆರಿಕದ ಬೈಕ್ ಇಂಡೆಕ್ಸ್, ಬ್ರಿಟನ್ನಿನ ಬೈಕ್ ರಿಜಿಸ್ಟರ್ ಸ್ವಯಂಪ್ರೇರಿತ ದಾಖಲೆಗಳು. ಕಾರಿನ ಚಾಸಿಸ್ ನಂಬರಿನಂತೆ ಫ್ರೇಮ್ ನಂಬರಿಗೆ ಜಗತ್ತಿಗೆಲ್ಲ ಒಂದೇ ಪದ್ಧತಿಯಿಲ್ಲದ್ದರಿಂದ ಬೇರೆ ಬೇರೆ ಕಂಪನಿಗಳ ಎರಡು ಸೈಕಲ್ಲಿಗೆ ಒಂದೇ ಸಂಖ್ಯೆ ಬೀಳಬಹುದು. ಅದಕ್ಕೇ ಕಂಪನಿ, ಮಾದರಿ, ಬಣ್ಣವನ್ನೂ ಜೊತೆಗೇ ದಾಖಲಿಸಬೇಕು. ಹಳೆಯ ಸೈಕಲ್ ಕೊಳ್ಳುವವರು ಮೊದಲು ನೋಡಬೇಕಾದದ್ದೂ ಇದನ್ನೇ: ಸಂಖ್ಯೆ ಇರುವ ಜಾಗದಲ್ಲಿ ಅರ ಹಾಕಿ ಉಜ್ಜಿದ ಗುರುತೋ ಹೊಸ ಬಣ್ಣವೋ ಕಂಡರೆ ಅಲ್ಲಿಂದ ಎದ್ದು ಬರುವುದು ಕ್ಷೇಮ.

ಕಳುವಾದ ದಿನವೇ ಫ್ರೇಮ್ ನಂಬರಿನೊಂದಿಗೆ ಪೊಲೀಸರಿಗೆ ದೂರು ಕೊಡಿ. ಸಂಖ್ಯೆಯಿಲ್ಲದ ದೂರಿನಿಂದ, ಸಿಕ್ಕ ಸೈಕಲ್ ನಿಮ್ಮದೆಂದು ತೋರಿಸುವುದು ಕಷ್ಟ. ಹತ್ತಿರದ ಕ್ಯಾಮೆರಾಗಳ ದೃಶ್ಯ ಕೆಲವು ದಿನಗಳಲ್ಲಿ ಅಳಿಸಿಹೋಗುವುದರಿಂದ ಅದನ್ನು ಉಳಿಸಲು ಆ ದಿನವೇ ಕೇಳಿ. ಹಳೆ ವಸ್ತು ಮಾರುವ ತಾಣಗಳಲ್ಲಿ ಬರೀ ಕಂಪನಿಯ ಹೆಸರಲ್ಲದೆ ಬಣ್ಣ, ಗಾತ್ರ, ತಪ್ಪು ಕಾಗುಣಿತ ಎಲ್ಲ ಹಾಕಿ ಹುಡುಕಿ, ಸುತ್ತಲಿನ ಊರುಗಳನ್ನೂ ಸೇರಿಸಿ. ಕಂಡರೆ ಜಾಹೀರಾತಿನ ಚಿತ್ರ ಉಳಿಸಿಕೊಂಡು ಪೊಲೀಸರಿಗೆ ಕೊಡಿ, ಒಬ್ಬರೇ ಹೋಗಿ ಮಾರುವವನನ್ನು ಎದುರಿಸಬೇಡಿ. ಸೈಕಲ್ ಸಿಕ್ಕಿದರೆ ನೋಂದಣಿಯಲ್ಲಿರುವ ‘ಕಳುವಾಗಿದೆ’ ಎಂಬ ಗುರುತನ್ನು ತೆಗೆಸುವುದು ಮರೆಯಬಾರದು. ಇಲ್ಲದಿದ್ದರೆ ಮುಂದೆಂದಾದರೂ ಅದನ್ನು ಮಾರಲು ಹೊರಟಾಗ ದಾಖಲೆಯ ಪ್ರಕಾರ ಕಳ್ಳರು ನೀವೇ ಆಗಿರುತ್ತೀರಿ.